ಶಾಲೆಗಳಲ್ಲಿ ಸುಸ್ಥಿರತೆಯ ಶಿಕ್ಷಣ : ಒಂದು ವಿಮರ್ಶೆ



ಈಚಿನ ವರ್ಷಗಳಲ್ಲಿ ವಿದ್ಯಾಭ್ಯಾಸವನ್ನು ಕುರಿತು ನಡೆಯುವ ಯಾವ ಸಭೆಗೆ ಹೋದರೂ 'ಸುಸ್ಥಿರತೆ' ಎಂಬ ಮಾತು ಕಿವಿಗೆ ಬೀಳದೆ ಇರದು. ಇಂದಿನವರು ತಮ್ಮ ಅವಶ್ಯಕತೆಗಳನ್ನು ಪೂರೈಸಿಕೊಳ್ಳುವ ಭರದಲ್ಲಿ ಮುಂದಿನ ತಲೆಮಾರಿನವರ ಪಾಲನ್ನು ಕಸಿದುಕೊಳ್ಳಬಾರದೆಂಬುದೇ ಈ ಮಾತಿನ ತಿರುಳು. 1987ರಲ್ಲಿ ನಾರ್ವೆ ದೇಶದ ಬ್ರುಂಟ್‌ಲಂಡ್ ಅವರ ಅಧ್ಯಕ್ಷತೆಯ ಆಯೋಗವು ತನ್ನ ವರದಿಯಲ್ಲಿ ಇದನ್ನು ವಿವರಿಸಿದ ಮೇಲೆ ಇದು ಜಗತ್ತಿನ ಎಲ್ಲ ಭಾಷೆಗಳಿಗೂ ಹಬ್ಬಿತು. ತತ್ತ್ವದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಈ ತತ್ತ್ವವು ಸಿರುಗುಪ್ಪದ ಗದ್ದೆಯ ಅಂಚಿನಲ್ಲಿರುವ ಶಾಲೆಯ ಬಾಲಕನಿಗೆ, ಕುರುಗೋಡಿನ ಬಾಲಕಿಗೆ, ಬಳ್ಳಾರಿ ನಗರದ ಓಣಿಯ ಮಕ್ಕಳಿಗೆ ಯಾವ ರೂಪದಲ್ಲಿ ತಲುಪುತ್ತಿದೆ ಎಂಬುದನ್ನು ಪರಿಶೀಲಿಸುವುದು ವಿದ್ಯಾಸಂಸ್ಥೆಗಳನ್ನು ನಡೆಸುವ ನಮ್ಮಂಥವರ ಕರ್ತವ್ಯವಾಗಿದೆ.

ಆಜ್ಞೆಗಳ ಕೊರತೆ ನಮ್ಮ ದೇಶದಲ್ಲಿ ಇಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಪರಿಸರ ಪ್ರಜ್ಞೆಯನ್ನು ಎಲ್ಲ ಹಂತಗಳಲ್ಲಿಯೂ ಬೆಳೆಸಬೇಕೆಂದು ಹೇಳಿತು. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು ಪರಿಸರ ಶಿಕ್ಷಣವನ್ನು ಕಡ್ಡಾಯ ವಿಷಯವನ್ನಾಗಿ ಮಾಡಬೇಕೆಂದು ನಿರ್ದೇಶಿಸಿತು. ಹನ್ನೆರಡು ವರ್ಷ ಕಳೆದರೂ ಅದು ನೆಟ್ಟಗೆ ಜಾರಿಗೆ ಬಾರದ ಕಾರಣ 2003ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯವು ಪಠ್ಯಕ್ರಮವನ್ನು ಸಿದ್ಧಪಡಿಸುವಂತೆ ಎನ್.ಸಿ.ಇ.ಆರ್.ಟಿ.ಗೆ ಮತ್ತೆ ಆದೇಶಿಸಬೇಕಾಯಿತು. 2020ರ ನೀತಿಯೂ ಇದೇ ಮಾತನ್ನು ಆಡಿದೆ. ಒಂದೇ ಮಾತನ್ನು ಮೂರು ನಾಲ್ಕು ಸಲ ಹೇಳಬೇಕಾಗಿ ಬಂದಿತೆಂದರೆ ಅದು ನಡೆದಿಲ್ಲವೆಂದೇ ಅರ್ಥ.

ನಡೆಯದಿರುವುದಕ್ಕೆ ಒಂದು ಕಾರಣ ಸ್ಪಷ್ಟವಾಗಿದೆ. ಪ್ರಾಥಮಿಕ ಹಂತದಲ್ಲಿ ಪರಿಸರ ಅಧ್ಯಯನವೆಂಬುದು ಪ್ರತ್ಯೇಕ ವಿಷಯವಾಗಿ ಉಳಿದಿದೆ. ಪ್ರೌಢಶಾಲೆಗೆ ಬಂದೊಡನೆ ಅದನ್ನು ವಿಜ್ಞಾನ, ಸಮಾಜ, ಭಾಷೆಗಳೊಡನೆ ಬೆರೆಸಿ ಕಲಿಸಬೇಕೆಂಬುದು ನಿಯಮ. ನಿಯಮವು ಸರಿಯಾದುದೇ. ಹಾಲಿನಲ್ಲಿ ಸಕ್ಕರೆಯಂತೆ ಅದು ಎಲ್ಲ ವಿಷಯಗಳಲ್ಲಿಯೂ ಕರಗಬೇಕು. ಆದರೆ ಅಂಕವಿಲ್ಲದ ವಿಷಯವು ಕರಗುವ ಬದಲು ಆವಿಯಾಗಿಬಿಡುತ್ತದೆ. ಹತ್ತನೆಯ ತರಗತಿಯ ಕೇಂದ್ರದ ವಿಜ್ಞಾನ ಪುಸ್ತಕದಲ್ಲಿ ನೈಸರ್ಗಿಕ ಸಂಪನ್ಮೂಲಗಳ ಸುಸ್ಥಿರ ನಿರ್ವಹಣೆಯೆಂಬ ಹೆಸರಿನದೇ ಒಂದು ಅಧ್ಯಾಯವಿತ್ತು. ಅಣೆಕಟ್ಟು, ಕಾಡು, ಮಳೆನೀರಿನ ಸಂಗ್ರಹಗಳ ವಿಚಾರ ಅದರಲ್ಲಿದ್ದಿತು. 2022ರಲ್ಲಿ ಮಕ್ಕಳ ಹೊರೆಯನ್ನು ಇಳಿಸುವ ನೆಪದಲ್ಲಿ ಎನ್.ಸಿ.ಇ.ಆರ್.ಟಿ.ಯು ಆ ಅಧ್ಯಾಯವನ್ನೇ ಕೈಬಿಟ್ಟಿತು. ಹೊರೆ ಇಳಿಸಬೇಕಾದಾಗ ಮೊದಲು ಕೆಳಗೆ ಬೀಳುವುದು ಯಾವುದೆಂಬುದರಿಂದ ಹೊತ್ತವನಿಗೆ ಯಾವುದರ ಮೇಲೆ ಮಮತೆ ಎಂಬುದು ತಿಳಿಯುತ್ತದೆ.

ಇದಕ್ಕಿಂತಲೂ ಆಳವಾದ ದೋಷ ಇನ್ನೊಂದಿದೆ. ನಾವು ಕಂಡ ತರಗತಿಗಳಲ್ಲಿ ಪರಿಸರವೆಂದರೆ ಯಾವಾಗಲೂ ದೂರದ ವಸ್ತು. ಮಕ್ಕಳು ಅಮೆಜಾನ್ ಕಾಡು, ಓಝೋನ್ ಪದರ, ಹಿಮಗಡ್ಡೆಗಳ ಕರಗುವಿಕೆ ಇವುಗಳನ್ನು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಅವು ತಿಳಿಯಬೇಕಾದ ಸಂಗತಿಗಳೇ. ಆದರೆ ಸಿರುಗುಪ್ಪ ತಾಲ್ಲೂಕಿನ ಹಳ್ಳಿಯ ಹುಡುಗನನ್ನು, "ತಮ್ಮಾ, ನಿಮ್ಮ ಹೊಲದ ಮೂಲೆಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿರುವುದೇನು? ಅಲ್ಲಿ ಪೈರು ಯಾಕೆ ಏಳುವುದಿಲ್ಲ?" ಎಂದು ಕೇಳಿದರೆ, "ಸವಳು ಬಂದೈತ್ರಿ ಬುದ್ಧಿ" ಎನ್ನುತ್ತಾನೆಯೇ ಹೊರತು ಅದು ಏಕೆ ಬಂದಿತೆಂಬುದನ್ನು ಅವನಿಗೆ ಯಾವ ಪುಸ್ತಕವೂ ಹೇಳಿಲ್ಲ. ಹೆಸರು ಮನೆಯಲ್ಲಿ ಕಲಿತದ್ದು. ಕಾರಣವನ್ನು ಶಾಲೆ ಕಲಿಸಬೇಕಾಗಿತ್ತು.

ಆ ಕಾರಣವು ಕಠಿಣವಾದುದೇನೂ ಅಲ್ಲ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಉದ್ದೇಶವು ಬರಗಾಲದ ಸೀಮೆಗೆ ರಕ್ಷಣೆ ಒದಗಿಸುವುದು. ಸ್ವಲ್ಪ ನೀರನ್ನು ಬಹಳ ಎಕರೆಗಳಿಗೆ ಹಂಚಿ, ಜೋಳ, ಹತ್ತಿಗಳಂಥ ಅರೆಖುಷ್ಕಿ ಬೆಳೆಗಳನ್ನು ಉಳಿಸಬೇಕೆಂದು ಬಹುಭಾಗದ ಭೂಮಿಯನ್ನು ಆಗಲೇ ಗೊತ್ತುಪಡಿಸಲಾಗಿತ್ತು. ನೀರು ಬಂದ ಮೇಲೆ ನಡೆದುದೇ ಬೇರೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಎರೆಭೂಮಿಯು ನೀರನ್ನು ಬೇಗ ಬಸಿಯಲು ಬಿಡದು. ನಿಂತ ನೀರು ಇಳಿದು ಇಳಿದು ಅಂತರ್ಜಲವು ಮೇಲಕ್ಕೇರಿತು; ಬೇರಿಗೆ ಗಾಳಿಯಾಡದೆ ನೆಲ ಜವಳಾಯಿತು. ಬಿಸಿಲಿಗೆ ನೀರು ಆರಿದಾಗ ನೆಲದೊಳಗಿನ ಲವಣವು ಅದರೊಡನೆ ಮೇಲೆ ಬಂದು ಕೂತಿತು; ಅದೇ ಸವಳು. ಇತ್ತ ಕಾಲುವೆಯ ಕೊನೆಭಾಗದ ರೈತನಿಗೆ ಒಂದು ತೇವದ ನೀರೂ ತಲುಪದೆ ವರ್ಷವರ್ಷವೂ ಕಚೇರಿಯ ಮುಂದೆ ಕೂಡುವುದು ತಪ್ಪಲಿಲ್ಲ. ಒಂದೇ ಕಾಲುವೆಯ ಒಂದು ತುದಿಯಲ್ಲಿ ನೀರು ಹೆಚ್ಚಾಗಿ ನೆಲ ಕೆಟ್ಟಿತು, ಇನ್ನೊಂದು ತುದಿಯಲ್ಲಿ ನೀರಿಲ್ಲದೆ ನೆಲ ಒಣಗಿತು.

ಇದಕ್ಕಿಂತ ಮಿಗಿಲಾದ ಸುಸ್ಥಿರತೆಯ ಪಾಠ ಎಲ್ಲಿ ದೊರೆತೀತು? ಇದನ್ನು ಕಲಿಸಲು ಪ್ರಯೋಗಶಾಲೆ ಬೇಕಿಲ್ಲ. ಮೂರು ತಟ್ಟೆಗಳಲ್ಲಿ ಕಾಲುವೆಯ ನೀರು, ಕೊಳವೆಬಾವಿಯ ನೀರು, ಬಸಿಗಾಲುವೆಯ ನೀರು ಇವನ್ನು ಸಮಸಮವಾಗಿ ಹಾಕಿ ಬಿಸಿಲಿಗಿಟ್ಟರೆ ಸಾಕು. ನಮ್ಮ ಬಿಸಿಲು ಉಳಿದ ಕೆಲಸವನ್ನು ಮಾಡುತ್ತದೆ. ಯಾವ ತಟ್ಟೆಯಲ್ಲಿ ಎಷ್ಟು ಬಿಳುಪು ಉಳಿಯಿತೆಂಬುದನ್ನು ಮಕ್ಕಳು ಬೆರಳಿನಿಂದ ಮುಟ್ಟಿ ನೋಡಲಿ. ಸಿರುಗುಪ್ಪದಲ್ಲಿಯೇ ಕೃಷಿ ಸಂಶೋಧನಾ ಕೇಂದ್ರವಿದೆ; ಹೊಳೆಯ ಆಚೆಗೆ ಗಂಗಾವತಿಯ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆ ಸಂಶೋಧನೆ ನಡೆಯುತ್ತ ಬಂದಿದೆ. ಪ್ರವಾಸಕ್ಕೆಂದು ಮಕ್ಕಳನ್ನು ನೂರಾರು ಮೈಲಿ ಒಯ್ಯುವ ಶಾಲೆಗಳಿಗೆ ಈ ದಾರಿ ಕಾಣದಿರುವುದು ಆಶ್ಚರ್ಯ.

ಗಣಿತದ ಉಪಾಧ್ಯಾಯರಿಗೂ ಇಲ್ಲಿ ಕೆಲಸವುಂಟು. ಅಣೆಕಟ್ಟು ಕಟ್ಟಿದಾಗ ಜಲಾಶಯವು ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105.8 ಟಿ.ಎಂ.ಸಿ.ಗೆ ಇಳಿದಿದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ; ಒಂದು ಎಕರೆಗೆ 43,560 ಚದರ ಅಡಿ. ಹಾಗಾದರೆ ಹೂಳಿಗೆ ಕಳೆದುಕೊಂಡ 27 ಟಿ.ಎಂ.ಸಿ. ನೀರು ಎಷ್ಟು ಎಕರೆಯ ಮೇಲೆ ಒಂದು ಅಡಿ ನಿಲ್ಲುತ್ತಿತ್ತು? ಲೆಕ್ಕ ಮಾಡಿದ ಹುಡುಗನಿಗೆ ಆರು ಲಕ್ಷ ಎಕರೆಗೂ ಮೀರಿದ ಉತ್ತರ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಜಿಲ್ಲೆಯ ಮನೆಮನೆಯಲ್ಲಿಯೂ ಟಿ.ಎಂ.ಸಿ.ಯ ಮಾತೇ ಮಾತಾಗಿತ್ತು. ಆ ವಾರ ಶಾಲೆಯಲ್ಲಿ ಯಾವ ಲೆಕ್ಕ ಮಾಡಿಸಿದರೆಂದು ವಿಚಾರಿಸಿದರೆ, ರೈಲುಗಾಡಿಗಳ ವೇಗದ ಲೆಕ್ಕವನ್ನೇ ಮಾಡಿಸಿದ್ದರು.

ಇಷ್ಟು ಹೇಳುವಾಗ ಒಂದು ಎಚ್ಚರಿಕೆ ಅಗತ್ಯ. ಭತ್ತ ಬೆಳೆದ ತಂದೆಯನ್ನು ಮಗನ ಮುಂದೆ ಅಪರಾಧಿಯನ್ನಾಗಿ ನಿಲ್ಲಿಸುವುದು ಶಿಕ್ಷಣವಲ್ಲ. ನೆರೆಹೊಲದಲ್ಲಿ ಭತ್ತದ ನೀರು ನಿಂತು ತನ್ನ ಹೊಲಕ್ಕೆ ಜಿನುಗತೊಡಗಿದ ಮೇಲೆ ಜೋಳ ಬಿತ್ತುವವನು ಏನನ್ನು ಕೊಯ್ದಾನು? ಸಾಲವನ್ನು ತೀರಿಸಲು ಮಾರುಕಟ್ಟೆಯುಳ್ಳ ಬೆಳೆಯನ್ನೇ ಅವನು ಆರಿಸಬೇಕು. ಈ ಸಿಕ್ಕನ್ನು ಸಿಕ್ಕಾಗಿಯೇ ಮಕ್ಕಳ ಮುಂದಿಡಬೇಕು. ಒಳ್ಳೆಯವರು, ಕೆಟ್ಟವರು ಎಂದು ಎರಡು ಪಂಕ್ತಿ ಮಾಡಿ ಹೇಳುವ ಪರಿಸರ ಪಾಠವು ಮಕ್ಕಳಿಗೆ ಬೇಗ ರುಚಿಸುತ್ತದೆ, ಅಷ್ಟೇ ಬೇಗ ಮರೆತೂ ಹೋಗುತ್ತದೆ.

ಬಳ್ಳಾರಿ ನಗರದ ಕಡೆಗೆ ಬಂದರೆ ದೋಷದ ಸ್ವರೂಪವೇ ಬೇರೆ. ಅಲ್ಲಿರುವುದು ಅಜ್ಞಾನವಲ್ಲ, ಮೌನ. ಕಬ್ಬಿಣದ ಅದಿರು ಎಲ್ಲಿ ಹೇರಳವಾಗಿದೆ ಎಂಬ ಪ್ರಶ್ನೆಗೆ ಬಳ್ಳಾರಿಯೆಂದು ಬರೆದರೆ ಒಂದು ಅಂಕ. ಪಾಠ ಅಲ್ಲಿಗೆ ಮುಗಿಯಿತು. 2011ರ ಜುಲೈ ತಿಂಗಳಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ವರದಿ ಸಲ್ಲಿಸಿದುದು, ಅದೇ 29ರಂದು ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿದುದು, 2013ರ ಏಪ್ರಿಲ್ 18ರ ತೀರ್ಪಿನಲ್ಲಿ 'ಸಿ' ವರ್ಗದ 49 ಗುತ್ತಿಗೆಗಳು ರದ್ದಾದುದು, ಅದಿರನ್ನು ಇಂತಿಷ್ಟೇ ತೆಗೆಯಬೇಕೆಂದು ಮಿತಿ ಬಿದ್ದುದು, ಇವೆಲ್ಲ ನಮ್ಮ ಕಣ್ಣ ಮುಂದಿನ ಚರಿತ್ರೆ. ಪ್ರಕೃತಿಯಿಂದ ವರ್ಷಕ್ಕೆ ಎಷ್ಟನ್ನು ತೆಗೆಯಬಹುದು ಎಂಬ ಪ್ರಶ್ನೆಯೇ ಸುಸ್ಥಿರತೆಯ ಬುಡ. ಆ ಪ್ರಶ್ನೆಗೆ ದೇಶದ ಉಚ್ಚತಮ ನ್ಯಾಯಾಲಯವು ಸಂಖ್ಯೆಯಲ್ಲಿ ಉತ್ತರ ಕೊಟ್ಟಿದ್ದು ನಮ್ಮ ಜಿಲ್ಲೆಗೆ. ಆದರೂ ನಮ್ಮ ಉಪಾಧ್ಯಾಯರು ಇದನ್ನು ಹೇಳಲು ಹಿಂಜರಿಯುತ್ತಾರೆ. ಏಕೆ ಹಿಂಜರಿಯುತ್ತಾರೆಂಬುದು ವಾಚಕರಿಗೆ ತಿಳಿಯದ್ದೇನಲ್ಲ. ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಒಬ್ಬನ ತಂದೆ ಲಾರಿಯ ಮಾಲೀಕ, ಇನ್ನೊಬ್ಬನ ತಂದೆ ಗಣಿ ನಿಂತಾಗ ಕೂಲಿ ಕಳೆದುಕೊಂಡವನು. ಕೊಠಡಿಯ ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲು.

ಈ ಕಡೆಯ ಮಾತು ಮಠಗಳಿಗೂ ಅನ್ವಯಿಸುತ್ತದೆ. ದಾನ ಬಂದ ಮೂಲವನ್ನು ಕೇಳಬಾರದೆಂಬುದು ಶರಣರ ಮಾರ್ಗವಲ್ಲ. ಕಾಯಕದಿಂದ ಬಂದುದು ಮಾತ್ರ ದಾಸೋಹಕ್ಕೆ ಸಲ್ಲುತ್ತದೆಂದು ಅವರು ಹಟ ಹಿಡಿದರು. ಆದುದರಿಂದ ಮಠದ ಶಾಲೆಯಲ್ಲಿ 2011ರ ಪಾಠವನ್ನು ಹೇಳುವ ಉಪಾಧ್ಯಾಯನಿಗೆ ಆಡಳಿತ ಮಂಡಳಿಯಿಂದ ತೊಂದರೆ ಬಾರದಂತೆ ನೋಡಿಕೊಳ್ಳುವ ಹೊಣೆ ಪೀಠದಲ್ಲಿರುವವರದು. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಿಂದ ಶಾಲೆಗಳಿಗೆ ಕಟ್ಟಡಗಳೂ ಸೌಕರ್ಯಗಳೂ ಒದಗುತ್ತಿವೆ. ಕಟ್ಟಡಕ್ಕೆ ಹಣ ಬಂದುದು ಗಣಿಯಿಂದ ನೊಂದ ಪ್ರದೇಶವೆಂಬ ಕಾರಣಕ್ಕೆ. ಒಳಗೆ ಕುಳಿತ ಮಗುವಿಗೆ ಆ ನೋವೇನೆಂದು ಹೇಳದಿರುವುದು ವಿಚಿತ್ರವಲ್ಲವೇ?

ಇನ್ನೊಂದು ಬಗೆಯ ಉಪದೇಶವನ್ನೂ ಇಲ್ಲಿ ವಿಮರ್ಶಿಸಬೇಕು. ವೇದಿಕೆಗಳಲ್ಲಿ ಕೆಲವರು, "ಇದೆಲ್ಲ ನಮ್ಮ ಪೂರ್ವಿಕರಿಗೆ ಮೊದಲೇ ತಿಳಿದಿತ್ತು" ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವುದುಂಟು. ಷಟ್‌ಸ್ಥಲದಲ್ಲಿ ಭಕ್ತನಿಗೆ ಪೃಥ್ವಿ, ಮಹೇಶನಿಗೆ ಅಪ್ಪು, ಪ್ರಸಾದಿಗೆ ತೇಜಸ್ಸು, ಪ್ರಾಣಲಿಂಗಿಗೆ ವಾಯು, ಶರಣನಿಗೆ ಆಕಾಶವೆಂದು ಸಂಬಂಧ ಹೇಳಿರುವುದು ನಿಜ. ಸಾಧನೆಯ ಮೊದಲ ಮೆಟ್ಟಿಲಿಗೆ ಮಣ್ಣನ್ನೇ ಇಟ್ಟರೆಂಬುದು ಚಿಂತನೀಯವಾದ ಸಂಗತಿ. ಆದರೆ ಸಂಬಂಧವನ್ನು ಬಾಯಲ್ಲಿ ಹೇಳಿದ ಮಾತ್ರಕ್ಕೆ ಸಿರುಗುಪ್ಪದ ಸವಳು ಇಳಿಯದು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಅದನ್ನು ಕೊಟ್ಟ ಪ್ಲಾಸ್ಟಿಕ್ ಲೋಟವನ್ನು ತೇರಿನ ದಾರಿಯಲ್ಲಿಯೇ ಎಸೆಯುವ ಜನಕ್ಕೆ ಅಷ್ಟಾವರಣದ ವ್ಯಾಖ್ಯಾನ ಎಷ್ಟು ಮಾಡಿದರೂ ಅಷ್ಟೇ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯ ಮರುದಿನ ಅಲ್ಲಿಯ ಹಿರಿಯ ತರಗತಿಯ ಮಕ್ಕಳು ತಕ್ಕಡಿ ಹಿಡಿದು ತೇರುಬೀದಿಯ ಕಸವನ್ನು ಬಗೆಬಗೆಯಾಗಿ ತೂಗಿ ಬರೆದಿಟ್ಟು, ವರ್ಷವರ್ಷವೂ ಹೋಲಿಸಿದರೆ ಅದು ನಮ್ಮ ಪ್ರವಚನಕ್ಕಿಂತ ಮೇಲಾದೀತು.

ಪ್ರಸಂಗವಶಾತ್ ಒಂದು ಮಾತು. ಬಳ್ಳಾರಿಯ ಸಮೀಪದ ಕುಡತಿನಿಯಲ್ಲಿ ಹೆಸರಾಂತ ಬೂದಿಗುಡ್ಡವಿದೆ. ನವಶಿಲಾಯುಗದ ದನಗಾಹಿಗಳು ಸೆಗಣಿಯ ರಾಶಿಯನ್ನು ಸುಟ್ಟು ಉಳಿಸಿದುದೆಂದು ಪುರಾತತ್ತ್ವಜ್ಞರು ನಿರ್ಣಯಿಸಿದ್ದಾರೆ. ಅದೇ ಕುಡತಿನಿಯಲ್ಲಿ ಈಗ 1,700 ಮೆಗಾವಾಟಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರವು ಕಲ್ಲಿದ್ದಲನ್ನು ಸುಟ್ಟು ಬೂದಿಯನ್ನು ಉಳಿಸುತ್ತಿದೆ. ನಾವು ಹಣೆಗಿಡುವ ವಿಭೂತಿಯೂ ಸೆಗಣಿಯ ಬೂದಿಯೇ. ಮೂರು ಬೂದಿಗಳನ್ನು ಒಂದೇ ಪಾಠದಲ್ಲಿ ಮುಂದಿಟ್ಟು, ಯಾವುದು ಮತ್ತೆ ಮಣ್ಣಿಗೆ ಸೇರುತ್ತದೆ, ಯಾವುದನ್ನು ಎಲ್ಲಿಡುವುದೆಂಬುದೇ ಚಿಂತೆಯಾಗುತ್ತದೆ ಎಂದು ಕೇಳುವ ಜಾಣ ಉಪಾಧ್ಯಾಯನೊಬ್ಬನಿದ್ದರೆ ಚರಿತ್ರೆ, ರಸಾಯನಶಾಸ್ತ್ರ, ಧರ್ಮ ಮೂರೂ ಒಂದೇ ಗಂಟೆಯಲ್ಲಿ ನಡೆದುಹೋಗುತ್ತವೆ. ಬೆರೆಸಿ ಕಲಿಸುವುದೆಂದರೆ ಇದೇ.

ಕಡೆಯದಾಗಿ ಸಸಿ ನೆಡುವ ವಿಚಾರ. ಜೂನ್ 5ರಂದು ವಿಶ್ವ ಪರಿಸರ ದಿನ. ಜುಲೈ ಮೊದಲ ವಾರದಲ್ಲಿ ವನಮಹೋತ್ಸವ. ಎರಡೂ ದಿನ ನಮ್ಮ ಶಾಲೆಗಳಲ್ಲಿ ಸಸಿ ನೆಟ್ಟು ಭಾವಚಿತ್ರ ತೆಗೆಸುವುದು ವಾಡಿಕೆ. ಮಲೆನಾಡಿಗೆ ಈ ಪಂಚಾಂಗ ಹೊಂದುತ್ತದೆ. ನಮ್ಮ ಸೀಮೆಯಲ್ಲಿ ಜೂನ್, ಜುಲೈಗಳೆಂದರೆ ಬೀಸುಗಾಳಿಯ ಕಾಲ. ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ನೆಟ್ಟ ಸಸಿ ಗಾಳಿಗೆ ಒಣಗಿ, ಮರುವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಸಸಿಯೂ ಮತ್ತೊಂದು ಭಾವಚಿತ್ರವೂ ಆಗುತ್ತವೆ. ನಮ್ಮ ಸಂಸ್ಥೆಗಳ ಮುಖ್ಯೋಪಾಧ್ಯಾಯರು ಗುಂಡಿಗಳನ್ನು ಬೇಸಿಗೆಯಲ್ಲಿ ತೋಡಿಸಿ, ಬೇವು ಹೊಂಗೆಗಳನ್ನು ಹದಮಳೆ ಬಿದ್ದ ಮೇಲೆ ನೆಡಿಸಿ, ಒಂದೊಂದು ಸಸಿಗೂ ಒಬ್ಬ ವಿದ್ಯಾರ್ಥಿಯ ಹೆಸರಿನ ಪುಸ್ತಕವಿಡಲಿ. ಮುಂದಿನ ಮಾರ್ಚಿಯಲ್ಲಿ ಎಷ್ಟು ಸಸಿ ಬದುಕಿವೆಯೆಂಬ ಸಂಖ್ಯೆಯನ್ನು, ಎಷ್ಟು ನೆಟ್ಟೆವೆಂಬುದನ್ನಲ್ಲ, ಮಠಕ್ಕೆ ಬರೆದು ಕಳುಹಿಸಲಿ. ಆ ಸಂಖ್ಯೆಗಳು ಚಿಕ್ಕವಾಗಿದ್ದರೂ ಈ ಪತ್ರಿಕೆಯಲ್ಲಿ ಶಾಲೆಯ ಹೆಸರಿನೊಡನೆ ಅಚ್ಚಾಗುತ್ತವೆ.