ಮೂಲೆಯಿಲ್ಲದ ಮೇಜು

ನಲಿಕಲಿ ಕೊಠಡಿಗೆ ಕಾಲಿಟ್ಟಾಗೆಲ್ಲ ನನ್ನ ಕಣ್ಣು ಮೊದಲು ಅರಸುವುದು ಆ ದುಂಡು ಮೇಜನ್ನೇ. ನನ್ನ ಮೊಣಕಾಲಿಗಿಂತ ತುಸುವೇ ಎತ್ತರ, ಸುತ್ತ ಗಿಡ್ಡ ಗಿಡ್ಡ ಕುರ್ಚಿಗಳು. ಮೊನ್ನೆ ಹೋದ ಶಾಲೆಯಲ್ಲಿ ಅದರ ಅಂಚಿನ ಮೇಲೆ ಬೆರಳಾಡಿಸಿದೆ. ಪುಟಾಣಿ ಮೊಣಕೈಗಳು ಊರಿ ಊರಿ ಬಣ್ಣ ಸವೆದು, ಒಳಗಿನ ಮರ ಹಳೆಯ ಲಟ್ಟಣಿಗೆಯಂತೆ ನುಣ್ಣಗಾಗಿತ್ತು. ಈ ಮೇಜಿಗೆ ಹಿಂದಿನ ಸಾಲಿಲ್ಲ, ಮೂಲೆಯಿಲ್ಲ. ಓದು ಹತ್ತದ ಮಗು ತಲೆ ತಗ್ಗಿಸಿ ಅಡಗಲು ಜಾಗವೇ ಇಲ್ಲ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದು ಕಟ್ಟಿಕೊಂಡ ಕಲಿಕೆಯ ಪದ್ಧತಿ ನಲಿಕಲಿ. ಇಲ್ಲಿ ಮಕ್ಕಳು ಕೂರುವ ಗುಂಪಿಗೆ ‘ತಟ್ಟೆ’ ಎಂದು ಹೆಸರು. ಎಂಥ ರುಚಿಯಾದ ಹೆಸರು! ಒಂದು ತಟ್ಟೆ ಪೂರ್ತಿ ಶಿಕ್ಷಕರ ಆಸರೆಯದು, ಇನ್ನೊಂದು ಗೆಳೆಯರ ಆಸರೆಯದು, ಮತ್ತೊಂದು ಸ್ವಕಲಿಕೆಯದು. ಕಲಿಕಾ ಏಣಿಯಲ್ಲಿ ಒಬ್ಬೊಬ್ಬರದು ಒಂದೊಂದು ಮೆಟ್ಟಿಲು, ಅವರವರದೇ ನಡಿಗೆ.

ನಾನು ಹೋದಾಗ ಟೀಚರ್ ಕೂಡ ಅದೇ ಗಿಡ್ಡ ಕುರ್ಚಿಯಲ್ಲಿ, ಮೊಣಕಾಲು ಮಡಚಿ, ಮಕ್ಕಳ ಮುಖಕ್ಕೆ ಸಮವಾಗಿ ಕೂತಿದ್ದರು. ನಡುವೆ ಒಂದು ಕಾರ್ಡು. ದುಂಡು ಮೇಜಿನಲ್ಲಿ ಎದುರು ಕೂತವರಿಗೆ ಅಕ್ಷರ ತಲೆಕೆಳಗು. ಅದಕ್ಕೇ ಓದುವ ಸರದಿ ಬಂದವರ ಕಡೆಗೆ ಕಾರ್ಡನ್ನು ಮೆಲ್ಲಗೆ, ಎರಡೇ ಬೆರಳಲ್ಲಿ, ತಿರುಗಿಸುತ್ತಿದ್ದರು. ಆ ತಿರುವಿನಲ್ಲಿ ಎಂಥ ನಯ! ಇಲ್ಲಿ ಪಾಠ ಶುರುವಾಗುವುದು ಅ ಆ ಇ ಈ ಇಂದಲ್ಲ. ರ ಗ ಸ ದ ಅ. ಈ ಐದೇ ಅಕ್ಷರಗಳಲ್ಲಿ ಸರ ಇದೆ, ಅರಸ ಇದ್ದಾನೆ, ಅಗಸ ಇದ್ದಾನೆ. ಮಗು ಮೊದಲಿಂದಲೇ ಬರಿಯ ಅಕ್ಷರವನ್ನಲ್ಲ, ಮಾತನ್ನು ಓದುತ್ತದೆ.

ಎರಡು ಜಡೆಯ ಹುಡುಗಿಯೊಬ್ಬಳ ಮುಂದೆ ಕಾರ್ಡು ನಿಂತಿತು. ‘ಗ…’ ಎಂದಳು. ಬೆರಳು ಸರಿಯಿತು. ‘ರ…’ ಟೀಚರ್ ಕಾದರು. ಪಕ್ಕದವನ ತುಟಿ ಅಲುಗಿತು, ಸದ್ದು ಬರಲಿಲ್ಲ. ‘ಗ… ಸ.’ ಆಮೇಲೆ ತನ್ನಷ್ಟಕ್ಕೇ, ಒಂದೇ ಉಸಿರಲ್ಲಿ: ‘ಗರಗಸ!’

ಕುರ್ಚಿ ಹಿಂದೆ ಸರಿಸಿ ಗೋಡೆಯತ್ತ ಓಡಿದಳು. ನೆಲಕ್ಕೆ ತಾಗಿದಂತೆ ಗೋಡೆಯುದ್ದಕ್ಕೂ ಕಪ್ಪು ಬಳಿದ ಪಟ್ಟಿಯಿದೆ. ಒಂದೊಂದು ಮಗುವಿಗೂ ಅದರಲ್ಲೊಂದು ಪಾಲು. ತಲೆಯ ಮೇಲೆ ದಾರದ ಚಪ್ಪರದಲ್ಲಿ ಮಕ್ಕಳ ಚಿತ್ರಗಳು ಗಾಳಿಗೆ ಓಲಾಡುತ್ತಿದ್ದವು. ಅವಳು ಕುಕ್ಕರುಗಾಲಲ್ಲಿ ಕೂತು, ನಾಲಗೆ ತುದಿ ಕಚ್ಚಿ ಬರೆದಳು. ಒಂದೊಂದು ಅಕ್ಷರವೂ ಅವಳ ಗೇಣಿಗಿಂತ ದೊಡ್ಡದು. ಕೊನೆಯ ‘ಸ’ಕ್ಕೆ ಜಾಗ ಸಾಲದೆ ಪಕ್ಕದವನ ಪಾಲಿಗೂ ಹರಿಯಿತು.