ವೃತ್ತಿಯೂ ಕೃತಿಯೂ: ಕೈಲಾಸಂ ಮತ್ತು ಮಾಸ್ತಿ

ಸಾಹಿತಿಯೊಬ್ಬನು ಸಂಬಳದ ಹುದ್ದೆಯನ್ನು ಬಿಟ್ಟನೆಂದರೆ ಆ ತ್ಯಾಗವನ್ನೇ ಅವನ ಕೃತಿಗಳ ಯೋಗ್ಯತಾಪತ್ರವೆಂದು ಎಣಿಸುವ ಪರಿಪಾಠ ನಮ್ಮಲ್ಲಿ ಬೇರೂರಿದೆ. ರಾಜಾಜಿನಗರ, ವಿಜಯನಗರ, ಕೆಂಗೇರಿಗಳಿಂದ ಜ್ಞಾನಭಾರತಿಗೆ ಬಂದು ಕನ್ನಡ ಎಂ.ಎ. ಓದುವವರಿಗೆ ಇದು ಬರಿಯ ಸಾಹಿತ್ಯದ ಪ್ರಶ್ನೆಯಲ್ಲ. ‘ಇದರಿಂದ ಹೊಟ್ಟೆ ತುಂಬೀತೆ?’ ಎಂಬ ಮಾತು ಅವರಿಗೆ ಹೊಸದಲ್ಲ. ಆದುದರಿಂದ ಈ ಎಣಿಕೆಯನ್ನು ಎರಡು ನಿದರ್ಶನಗಳಿಂದ ಪರಿಶೀಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಟಿ. ಪಿ. ಕೈಲಾಸಂ ಅವರು ನ್ಯಾಯಾಧೀಶರ ಮಗ. ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಕಲಿತು ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯನ್ನು ಸೇರಿದರು. ಕೆಲವೇ ವರ್ಷಗಳಲ್ಲಿ ಅದನ್ನು ತೊರೆದು ನಾಟಕವನ್ನೇ ನೆಚ್ಚಿದರು. ‘ಟೊಳ್ಳುಗಟ್ಟಿ’ಯಲ್ಲಿ ಅವರು ಪರೀಕ್ಷೆಯಲ್ಲಿ ಮುಂದಿರುವ ಪುಟ್ಟುವಿನ ಎದುರಿಗೆ, ಓದಿನಲ್ಲಿ ಹಿಂದೆ ಬಿದ್ದರೂ ಮನೆಯವರ ಕಷ್ಟಕ್ಕೆ ಆಗುವ ಮಾಧುವನ್ನು ನಿಲ್ಲಿಸಿದರು. ಲೋಕದ ಮನ್ನಣೆ ಟೊಳ್ಳಾಗಬಹುದೆಂಬ ಈ ಮಾತನ್ನು ಅವರು ಬಾಳಿಯೂ ತೋರಿದರೆನ್ನಬೇಕು. ಆದರೆ ಇದಕ್ಕೆ ತೆತ್ತ ಬೆಲೆಯನ್ನು ಮರೆಮಾಚಲಾಗದು. ಅವರು ನಾಟಕವನ್ನು ಬರೆದಿಡುವುದಕ್ಕಿಂತ ಗೆಳೆಯರ ಮುಂದೆ ಆಡಿ ತೋರಿಸಿದ್ದೇ ಹೆಚ್ಚು. ಕೇಳಿದವರು ಬರೆದುಕೊಂಡದ್ದು ಉಳಿಯಿತು. ಮಿಕ್ಕದ್ದೆಷ್ಟೋ 1946ರಲ್ಲಿ ಅವರೊಡನೆಯೇ ಹೋಯಿತು. ಇದಕ್ಕೆ ಅವರ ಸ್ವಭಾವವೂ ಕಾರಣ, ದಿಟ. ನೆಲೆಯಿಲ್ಲದ ಬಾಳೂ ಆ ಸ್ವಭಾವಕ್ಕೆ ಒತ್ತಾಸೆಯಾಗಿರಬೇಕು.

ಮಾಸ್ತಿಯವರ ದಾರಿ ಬೇರೆ. 1914ರಲ್ಲಿ ಸಂಸ್ಥಾನದ ಆಡಳಿತಸೇವೆಯನ್ನು ಸೇರಿದ ಅವರು ಸುಮಾರು ಮೂವತ್ತು ವರ್ಷ ಅಧಿಕಾರಿಯಾಗಿದ್ದು, ತಮಗಿಂತ ಕಿರಿಯರಿಗೆ ಮಂತ್ರಿಪದವಿ ದೊರೆತಾಗ 1943ರಲ್ಲಿ ಹುದ್ದೆಯನ್ನು ಬಿಟ್ಟರು. ಮರುವರ್ಷದಿಂದ 1965ರವರೆಗೆ ‘ಜೀವನ’ ಪತ್ರಿಕೆಯನ್ನು ನಡೆಸಿದರು. ಆದರೆ ಕನ್ನಡ ಸಣ್ಣಕಥೆಗೆ ಅವರು ಹಾಕಿದ ತಳಹದಿ ಸೇವೆಯಲ್ಲಿದ್ದಾಗಲೇ ಹಾಕಿದ್ದು. ಸಂಗೀತಕ್ಕಾಗಿ ತಂದೆಯ ಆಶ್ರಯವನ್ನೂ ಊರನ್ನೂ ತೊರೆದವನ ಕಥೆ ‘ಸುಬ್ಬಣ್ಣ’ (1928). ಎಲ್ಲವನ್ನೂ ಬಿಟ್ಟವನನ್ನು ಚಿತ್ರಿಸಿದವರು ತಿಂಗಳ ಸಂಬಳದ ಅಧಿಕಾರಿ! ಇದನ್ನು ಅಪ್ರಾಮಾಣಿಕತೆಯೆಂದು ಹಳಿಯುವುದು ತಪ್ಪಾದೀತು. ಸುಬ್ಬಣ್ಣನ ಸಾಧನೆಯಷ್ಟೇ ಗಮನವನ್ನು ಅವನೊಡನೆ ಹೊರಟ ಹೆಂಡತಿಯ ನೋವಿಗೂ ಕೊಟ್ಟಿರುವುದರಲ್ಲಿ ಗೃಹಸ್ಥನ ಎಚ್ಚರವಿದೆ. ತ್ಯಾಗವನ್ನು ಒಬ್ಬನು ಮಾಡಿದರೂ ಅದರ ಭಾರವನ್ನು ಹೊರುವವರು ಹಲವರೆಂಬುದನ್ನು ಈ ಕಥೆ ಮರೆಯುವುದಿಲ್ಲ.

ಹಾಗಾದರೆ ಕೈಲಾಸಂ ಅವರು ಹುದ್ದೆಯಲ್ಲೇ ಉಳಿಯಬೇಕಾಗಿತ್ತೆ? ಹಾಗೆನ್ನಲು ನಮಗೆ ಧೈರ್ಯವಿಲ್ಲ. ಕಚೇರಿಯ ಶಿಸ್ತಿನಲ್ಲಿ ಆ ಮಾತಿನ ಚುರುಕು ಬಾಡಿಹೋಗುತ್ತಿತ್ತೋ ಏನೋ. ಮಾಸ್ತಿಯವರಿಗಾದರೋ ಅದೇ ಶಿಸ್ತು ಬರವಣಿಗೆಗೂ ಒದಗಿಬಂತು. ಒಬ್ಬರಿಗೆ ಬಿಡುಗಡೆಯಾದದ್ದು ಇನ್ನೊಬ್ಬರಿಗೆ ಬೇಕಾಗಿಯೇ ಇರಲಿಲ್ಲ. ಆದುದರಿಂದ ರಾಜೀನಾಮೆಯನ್ನು ನೋಡಿ ಕೃತಿಯನ್ನು ತೂಗುವುದು ಸಲ್ಲದು. ಸಂಬಳವನ್ನು ನೋಡಿ ಹಗುರ ಮಾಡುವುದೂ ಸಲ್ಲದು.

ಇಬ್ಬರಲ್ಲಿಯೂ ಸಮಾನವಾದದ್ದು ಒಂದೇ: ಮಾಡಲೇಬೇಕಾದ ಕೆಲಸವನ್ನು ಅವರು ಮುಂದಿನ ಅನುಕೂಲಕಾಲಕ್ಕೆಂದು ತೆಗೆದಿಡಲಿಲ್ಲ. ಹುದ್ದೆಯನ್ನು ಬಿಡಬೇಕೋ ಬೇಡವೋ ಎಂದು ಕೇಳುವ ವಿದ್ಯಾರ್ಥಿಗೆ ವಿಮರ್ಶೆಯು ಕೊಡಬಲ್ಲ ಉತ್ತರ ಇಷ್ಟೇ: ಆ ಕೆಲಸವನ್ನು ಇಂದು ಆರಂಭಿಸಿದ್ದೀಯಾ, ಅದರ ಬೆಲೆಯನ್ನು ನಿನ್ನೊಡನೆ ಯಾರು ತೆರುತ್ತಾರೆ ಎಂಬುದನ್ನು ಮೊದಲು ನೋಡಿಕೊ.