ಹಳೆಯ ಫೋನಿಗೆ ಹೊಸ ವಿದ್ಯೆ: ತಂತ್ರಾಂಶದಿಂದ ಎಷ್ಟು ಸಾಧ್ಯ?

ಕ್ಯಾಮೆರಾ ಇರುವ ಫೋನಿನಲ್ಲಿ ವೀಡಿಯೋ ಮುದ್ರಿಸುವ ಸೌಲಭ್ಯ ಇಲ್ಲದಿದ್ದರೆ, ತಯಾರಕರು ಅದನ್ನು ತಂತ್ರಾಂಶ ನವೀಕರಣದ ಮೂಲಕ ಒದಗಿಸಬೇಕೇ? ಮೇಲ್ನೋಟಕ್ಕೆ ಇದು ವ್ಯಾಪಾರದ ಪ್ರಶ್ನೆ. ಆದರೆ ಇದರ ಅರ್ಧ ಉತ್ತರ ಭೌತವಿಜ್ಞಾನದಲ್ಲಿದೆ. ಆ ಅರ್ಧವನ್ನು ತಿಳಿಯದೆ ಉಳಿದರ್ಧವನ್ನು ವಿಮರ್ಶಿಸಲಾಗದು.

ಒಂದು ನಿಜವಾದ ಪ್ರಕರಣವನ್ನೇ ನೋಡೋಣ. ಆಪಲ್ ಕಂಪನಿಯ ಐಫೋನ್ 3ಜಿ ಭಾರತಕ್ಕೆ ಬಂದದ್ದು 2008ರ ಆಗಸ್ಟ್‌ನಲ್ಲಿ. 8 ಗಿಗಾಬೈಟ್ ಮಾದರಿಯ ಬೆಲೆ 31,000 ರೂಪಾಯಿ. ಅದರಲ್ಲಿ 2 ಮೆಗಾಪಿಕ್ಸೆಲ್ ಕ್ಯಾಮೆರಾ ಇತ್ತು, ವೀಡಿಯೋ ಇರಲಿಲ್ಲ. 2007ರಲ್ಲಿಯೇ ಬಂದಿದ್ದ ನೋಕಿಯಾ ಎನ್95 ಫೋನು 640×480 ಬಿಂದುಗಳ ವೀಡಿಯೋವನ್ನು ಸೆಕೆಂಡಿಗೆ 30 ಫ್ರೇಮುಗಳಂತೆ ಮುದ್ರಿಸುತ್ತಿತ್ತು. 2009ರ ಜೂನ್‌ನಲ್ಲಿ ಆಪಲ್, ವೀಡಿಯೋ ಸೌಲಭ್ಯವಿದ್ದ 3ಜಿಎಸ್ ಮಾದರಿಯನ್ನು ಬಿಡುಗಡೆ ಮಾಡಿತು. ಅದೇ ತಿಂಗಳು ಹಳೆಯ ಐಫೋನುಗಳಿಗೂ ಮೂರನೆಯ ಆವೃತ್ತಿಯ ಕಾರ್ಯನಿರ್ವಹಣಾ ತಂತ್ರಾಂಶ ಉಚಿತವಾಗಿ ದೊರಕಿತು. ಪಠ್ಯವನ್ನು ಕತ್ತರಿಸಿ ಅಂಟಿಸುವ ಸೌಲಭ್ಯ ಅದರಲ್ಲಿ ಬಂತು, ವೀಡಿಯೋ ಬರಲಿಲ್ಲ.

ಹಳೆಯ ಫೋನಿಗೆ ಅದು ಸಾಧ್ಯವಿರಲಿಲ್ಲವೇ? ಒಂದು ಸರಳ ಲೆಕ್ಕ ಹಾಕೋಣ. ಒಂದು ಫ್ರೇಮಿನಲ್ಲಿ 640×480, ಎಂದರೆ 3,07,200 ಬಿಂದುಗಳು. ಸೆಕೆಂಡಿಗೆ 30 ಫ್ರೇಮು ಎಂದರೆ ಸುಮಾರು 92 ಲಕ್ಷ ಬಿಂದುಗಳು. ಪ್ರತಿ ಬಿಂದುವಿಗೆ ಒಂದೂವರೆ ಬೈಟ್ ಎಂದಿಟ್ಟುಕೊಂಡರೂ ನಿಮಿಷಕ್ಕೆ 83 ಕೋಟಿ ಬೈಟ್ ಆಗುತ್ತದೆ. ಹಾಗೆಯೇ ತುಂಬುತ್ತ ಹೋದರೆ 8 ಗಿಗಾಬೈಟ್ ಸಂಗ್ರಹ ಹತ್ತು ನಿಮಿಷದೊಳಗೆ ಮುಗಿದುಹೋಗುತ್ತದೆ. ಆದ್ದರಿಂದ ಮುದ್ರಿಸುತ್ತಿರುವಾಗಲೇ ಮಾಹಿತಿಯನ್ನು ಸಂಕೋಚಿಸಬೇಕು. ಈ ಕೆಲಸವೇ ಭಾರವಾದದ್ದು.

3ಜಿ ಮಾದರಿಯ ಪ್ರೊಸೆಸರಿನ ವೇಗ 412 ಮೆಗಾಹರ್ಟ್ಸ್, ಎಂದರೆ ಸೆಕೆಂಡಿಗೆ 41.2 ಕೋಟಿ ಗಡಿಯಾರ ಸ್ಪಂದಗಳು. ಇದನ್ನು 92 ಲಕ್ಷ ಬಿಂದುಗಳಿಗೆ ಹಂಚಿದರೆ ಒಂದು ಬಿಂದುವಿನ ಪಾಲಿಗೆ ಸುಮಾರು 45 ಸ್ಪಂದಗಳು ಬರುತ್ತವೆ. ಸಂವೇದಕದಿಂದ ಓದುವುದು, ಬಣ್ಣ ಸರಿಪಡಿಸುವುದು, ಹಿಂದಿನ ಫ್ರೇಮಿನೊಡನೆ ಹೋಲಿಸಿ ಚಲನೆಯನ್ನು ಗುರುತಿಸುವುದು, ಸಂಕೋಚಿಸುವುದು, ಸ್ಮೃತಿಗೆ ಬರೆಯುವುದು - ಎಲ್ಲವೂ ಅಷ್ಟರಲ್ಲಿ ಮುಗಿಯಬೇಕು. ಜತೆಗೆ ಕರೆ ಬಂದರೆ ಫೋನು ಉತ್ತರಿಸಲೂಬೇಕು! 3ಜಿಎಸ್‌ನಲ್ಲಿ ವೇಗ 600 ಮೆಗಾಹರ್ಟ್ಸ್‌ಗೆ ಏರಿತ್ತು, ಪ್ರೊಸೆಸರಿನ ರಚನೆಯೇ ಬೇರೆಯಾಗಿತ್ತು, ಸ್ಮೃತಿ 128ರಿಂದ 256 ಮೆಗಾಬೈಟ್‌ಗೆ ಹೆಚ್ಚಿತ್ತು. ಆದ್ದರಿಂದ ಹೊಸ ಫೋನಿನ ಗುಣಮಟ್ಟದ ವೀಡಿಯೋವನ್ನು ಹಳೆಯದಕ್ಕೆ ಕೊಡದಿದ್ದುದರಲ್ಲಿ ತಪ್ಪು ಕಾಣದು.

ಈಗ ಲೆಕ್ಕವನ್ನು ಸ್ವಲ್ಪ ಬದಲಿಸಿ. 320×240 ಬಿಂದುಗಳು, ಸೆಕೆಂಡಿಗೆ 15 ಫ್ರೇಮುಗಳು ಸಾಕೆಂದುಕೊಳ್ಳಿ. ಕೆಲಸ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪ್ರತಿ ಬಿಂದುವಿಗೆ ಸುಮಾರು 357 ಸ್ಪಂದಗಳು ಸಿಗುತ್ತವೆ. ಪ್ರತಿ ಫ್ರೇಮನ್ನೂ ಬಿಡಿ ಚಿತ್ರದಂತೆ ಸಂಕೋಚಿಸಿದರೆ ಕಡತ ದೊಡ್ಡದಾಗುತ್ತದೆ, ಆದರೆ ಲೆಕ್ಕಾಚಾರ ಹಗುರಾಗುತ್ತದೆ. ಇದು ಬರಿಯ ಊಹೆಯಲ್ಲ. ಸೈಕಾರ್ಡರ್ ಎಂಬ ಅನಧಿಕೃತ ತಂತ್ರಾಂಶ 2008ರಲ್ಲಿಯೇ ಹಳೆಯ ಐಫೋನುಗಳಲ್ಲಿ ವೀಡಿಯೋ ಮುದ್ರಿಸಿ ತೋರಿಸಿತ್ತು. 2009ರ ಡಿಸೆಂಬರ್‌ನಲ್ಲಿ ಆಪಲ್ ತನ್ನದೇ ಮಳಿಗೆಯಲ್ಲಿ ಅಂಥ ತಂತ್ರಾಂಶಗಳಿಗೆ ಅನುಮತಿ ನೀಡಿತು. ಅಲ್ಲಿಗೆ 'ಸಾಧ್ಯವಿಲ್ಲ' ಎಂಬ ವಾದ ಬಿದ್ದುಹೋಯಿತು.

ನನ್ನ ಆಕ್ಷೇಪ ಇರುವುದು ಇಲ್ಲಿ. ಯಂತ್ರಾಂಶದ ಸಾಮರ್ಥ್ಯ ಒಂದು ಪರಿಮಾಣ. ಅದನ್ನು 'ಇದೆ' ಅಥವಾ 'ಇಲ್ಲ' ಎಂಬ ಎರಡೇ ಉತ್ತರಗಳಿಗೆ ಇಳಿಸುವುದು ವಿಜ್ಞಾನವಲ್ಲ, ಮಾರಾಟ ತಂತ್ರ. 31,000 ರೂಪಾಯಿ ತೆತ್ತವನಿಗೆ 'ನಿಮ್ಮ ಫೋನು ಇಷ್ಟು ಮಾತ್ರ ಮಾಡಬಲ್ಲದು' ಎಂದು ಹೇಳಿ ಅಷ್ಟನ್ನಾದರೂ ಕೊಡಬಹುದಿತ್ತು.

ಹಾಗೆಂದು ತಂತ್ರಾಂಶ ಎಲ್ಲವನ್ನೂ ಮಾಡಬಲ್ಲದು ಎಂದುಕೊಳ್ಳಬೇಡಿ. ಫೋನಿನ ಸಂವೇದಕ ಚಿತ್ರವನ್ನು ಸಾಮಾನ್ಯವಾಗಿ ಸಾಲುಸಾಲಾಗಿ ಓದುತ್ತದೆ. ಇಡೀ ಚಿತ್ರವನ್ನು ಓದಲು ಸೆಕೆಂಡಿನ 15ನೆಯ ಒಂದು ಭಾಗ ಬೇಕೆಂದುಕೊಳ್ಳಿ. ನಿಮಿಷಕ್ಕೆ 300 ಸುತ್ತು ತಿರುಗುವ ಫ್ಯಾನಿನ ರೆಕ್ಕೆ ಅಷ್ಟರಲ್ಲಿ 120 ಡಿಗ್ರಿ ಸರಿದಿರುತ್ತದೆ. ನೇರವಾದ ರೆಕ್ಕೆ ಚಿತ್ರದಲ್ಲಿ ಕುಡುಗೋಲಿನಂತೆ ಬಾಗಿ ಕಾಣುತ್ತದೆ. ನವೀಕರಣದಿಂದ ಸಂವೇದಕದ ಓದುವ ವೇಗ ಮಿತಿಮೀರಿ ಹೆಚ್ಚದು. ಸ್ಥಿರ ಸಂಗಮದ ಮಸೂರವೂ ತಾನಾಗಿ ಸರಿದಾಡದು.

ಇತ್ತೀಚಿನ ಉದಾಹರಣೆಯೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. 2023ರ ಡಿಸೆಂಬರ್‌ನಲ್ಲಿ ಐಫೋನ್ 15 ಪ್ರೊ ಮಾದರಿಗಳಿಗೆ ಆಳವನ್ನೂ ದಾಖಲಿಸುವ ಮೂರು ಆಯಾಮದ ವೀಡಿಯೋ ಸೌಲಭ್ಯ ನವೀಕರಣದಿಂದಲೇ ಬಂತು. ಸಾಮಾನ್ಯ ಐಫೋನ್ 15ಕ್ಕೆ ಬರಲಿಲ್ಲ. ಕಾರಣ ಸರಳವಾದ ಜ್ಯಾಮಿತಿಯಲ್ಲಿದೆ. ಪ್ರೊ ಮಾದರಿಯನ್ನು ಅಡ್ಡ ಹಿಡಿದಾಗ ಎರಡು ಕ್ಯಾಮೆರಾಗಳು ನಮ್ಮ ಕಣ್ಣುಗಳಂತೆ ಅಕ್ಕಪಕ್ಕದಲ್ಲಿರುತ್ತವೆ. ಸಾಮಾನ್ಯ ಮಾದರಿಯಲ್ಲಿ ಅವು ಕರ್ಣರೇಖೆಯಲ್ಲಿವೆ. 2024ರ ಐಫೋನ್ 16ರಲ್ಲಿ ಜೋಡಣೆ ಬದಲಾಯಿತು, ಸೌಲಭ್ಯವೂ ಬಂತು. ಇಂಥ ನಿರಾಕರಣೆಯನ್ನು ಒಪ್ಪಬಹುದು.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಅದೇ ತಿಂಗಳು ಗೂಗಲ್ ತನ್ನ ಪಿಕ್ಸೆಲ್ 8 ಪ್ರೊ ಫೋನಿಗೆ ವೀಡಿಯೋ ಬೂಸ್ಟ್ ಎಂಬ ಸೌಲಭ್ಯ ಕೊಟ್ಟಿತು. ಮುದ್ರಿಸಿದ ವೀಡಿಯೋವನ್ನು ದೂರದ ಸರ್ವರ್‌ಗಳಿಗೆ ಕಳಿಸಿ ಅಲ್ಲಿ ಸಂಸ್ಕರಿಸುವ ವಿಧಾನ ಅದು. ಅದೇ ಪ್ರೊಸೆಸರ್ ಉಳ್ಳ ಪಿಕ್ಸೆಲ್ 8ಕ್ಕೆ ಅದು ಸಿಗಲಿಲ್ಲ. ಭಾರವಾದ ಕೆಲಸ ಫೋನಿನ ಹೊರಗೇ ನಡೆಯುವಾಗ ಈ ಭೇದ ಏಕೆ? ವಿವರಿಸುವ ಹೊಣೆ ತಯಾರಕರದು.

ನವೀಕರಣ ಯಾವಾಗಲೂ ಉಡುಗೊರೆಯೇ ಆಗಬೇಕೆಂದಿಲ್ಲ. 2010ರ ಜೂನ್‌ನಲ್ಲಿ ಬಂದ ನಾಲ್ಕನೆಯ ಆವೃತ್ತಿಯ ತಂತ್ರಾಂಶ ಇದೇ 3ಜಿ ಫೋನುಗಳನ್ನು ತೀರ ನಿಧಾನಗೊಳಿಸಿತು. ಸೆಪ್ಟೆಂಬರ್‌ನಲ್ಲಿ ಅದನ್ನು ಸರಿಪಡಿಸಬೇಕಾಯಿತು. ಬ್ಯಾಟರಿಯನ್ನೂ ಮರೆಯಬಾರದು. 1150 ಮಿಲಿಆಂಪಿಯರ್-ಗಂಟೆ, 3.7 ವೋಲ್ಟ್ ಎಂದರೆ ಸುಮಾರು 4.25 ವಾಟ್-ಗಂಟೆ. ವೀಡಿಯೋ 2 ವಾಟ್ ಬಳಸಿದರೆ ಎರಡು ಗಂಟೆಯಲ್ಲಿ ಅದು ಬರಿದು. ಆದ್ದರಿಂದ ಹೊಸ ಸೌಲಭ್ಯ ಐಚ್ಛಿಕವಾಗಿರಬೇಕು. ಬೇಡವೆಂದರೆ ಹಿಂದಿನ ಸ್ಥಿತಿಗೆ ಮರಳಲು ದಾರಿಯಿರಬೇಕು.

ಇದಕ್ಕೆ ಹಣ ಕೇಳಬಹುದೇ? 2007ರಲ್ಲಿ ಆಪಲ್ ತನ್ನ ಕೆಲವು ಕಂಪ್ಯೂಟರುಗಳೊಳಗೆ ಆಗಲೇ ಇದ್ದ ವೇಗದ ನಿಸ್ತಂತು ಸೌಲಭ್ಯವನ್ನು ತೆರೆಯಲು 1.99 ಡಾಲರ್ ಪಡೆದಿತ್ತು. ಲೆಕ್ಕಪತ್ರ ನಿಯಮಗಳ ಕಾರಣ ಹೇಳಿತ್ತು. ಹೊಸದಾಗಿ ಮಾಡಿದ ಶ್ರಮಕ್ಕೆ ಬೆಲೆ ಕೇಳುವುದು ನ್ಯಾಯ. ಹಣ ಕೊಟ್ಟು ಕೊಂಡ ವಸ್ತುವಿಗೆ ಹಾಕಿದ ಬೀಗವನ್ನು ತೆಗೆಯಲು ಬೆಲೆ ಕೇಳುವುದು ಬೇರೆ ಮಾತು.

ಪಣಕ್ಕಿರುವುದು ಬರಿಯ ವಿನೋದವಲ್ಲ. ಒಂದು ಸೌಲಭ್ಯಕ್ಕಾಗಿ ಕೆಟ್ಟಿರದ ಫೋನನ್ನು ಎಸೆದರೆ ಅದರೊಳಗಿನ ತಾಮ್ರ, ಚಿನ್ನ, ಕೋಬಾಲ್ಟ್, ಲಿಥಿಯಮ್‌ಗಳೂ ಎಸೆಯಲ್ಪಡುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ಫೋನುಗಳ ಬಾಳಿಕೆ ಮತ್ತು ನವೀಕರಣಗಳ ಬಗ್ಗೆ ಕಡ್ಡಾಯ ನಿಯಮಗಳು ಜಾರಿಯಲ್ಲಿವೆ. ಆದರೆ ಇರುವ ತಂತ್ರಾಂಶವನ್ನು ಕಾಪಾಡುವುದು ಒಂದು, ಇಲ್ಲದ ಸೌಲಭ್ಯವನ್ನು ಕೊಡುವುದು ಇನ್ನೊಂದು. ಎರಡನೆಯದನ್ನು ಕೇಳಬೇಕಾದವರು ಬಳಕೆದಾರರೇ.

ಮುಂದೆ 'ನಿಮ್ಮ ಮಾದರಿಗೆ ಈ ಸೌಲಭ್ಯ ಇಲ್ಲ' ಎಂಬ ಮಾತು ಕಂಡಾಗ ಮೂರು ಪ್ರಶ್ನೆ ಕೇಳಿ. ಅಡ್ಡಿಯಾಗಿರುವುದು ಸಂವೇದಕವೇ, ಪ್ರೊಸೆಸರೇ, ಬ್ಯಾಟರಿಯೇ? ಗುಣಮಟ್ಟ ಇಳಿಸಿದರೆ ಸಾಧ್ಯವೇ? ಬೇರೆಯವರು ಇದೇ ಯಂತ್ರಾಂಶದಲ್ಲಿ ಮಾಡಿ ತೋರಿಸಿದ್ದಾರೆಯೇ? ಮೊದಲನೆಯದಕ್ಕೆ ಅಂಕಿ ಸಹಿತ ಉತ್ತರ ಬಂದರೆ ಒಪ್ಪಿಕೊಳ್ಳಿ. ಉತ್ತರವೇ ಬರದಿದ್ದರೆ, ಅಡ್ಡಿಯಾಗಿರುವುದು ಭೌತನಿಯಮವಲ್ಲ ಎಂದು ತಿಳಿಯಬಹುದು.